ಕಂಪ್ರೆಸರ್ ಟ್ಯಾಂಕಿಗೆ ತೇಪೆ ಹಾಕ್ಬೇಡಿ: ವಾಟರ್ ಸರ್ವಿಸ್‌ನ ಕಾಣದ ತುಕ್ಕು

ನಮಸ್ಕಾರ. ಮಳೆಗಾಲ ಹತ್ರ ಬಂತು ಅಂದ್ರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಗಾಡಿ ತೊಳೆಯೋ ವಾಟರ್ ಸರ್ವಿಸ್‌ಗಳಲ್ಲಿ ರೆಡ್ ಆಕ್ಸೈಡ್ ಡಬ್ಬ ಹೊರಗೆ ಬರತ್ತೆ. ಗಾಡಿ ಎತ್ತೋ ಹಾಯ್ಸ್ಟಿಗೊಂದು ಕೋಟ್, ಕಂಬಕ್ಕೊಂದು ಕೋಟ್. ಬಣ್ಣ ಹೊಡೀರಿ, ಬೇಡ ಅನ್ನಲ್ಲ. ಆದ್ರೆ ಕಣ್ಣಿಗೆ ಕಾಣೋ ತುಕ್ಕಿಗಷ್ಟೇ ದುಡ್ಡು ಹಾಕಿ, ಒಳಗಿನ ತುಕ್ಕನ್ನ ಹಾಗೇ ಬಿಡೋದು ತಪ್ಪು. ಜೀವಕ್ಕೆ ಕುತ್ತು ತರೋದು ಆ ಒಳಗಿನದ್ದೇ.

ಕಂಪ್ರೆಸರ್ ಟ್ಯಾಂಕ್ ನೋಡಿ. ಗಾಳಿ ಒತ್ತಿ ತುಂಬಿದಾಗ ಅದರಲ್ಲಿದ್ದ ತೇವ ತಣ್ಣಗಾಗಿ, ನೀರಾಗಿ ತಳಕ್ಕೆ ಇಳಿಯತ್ತೆ. ನಮ್ಮ ಜುಲೈ ತಿಂಗಳ ಗಾಳಿ ಎಷ್ಟು ಒದ್ದೆ ಅಂತ ನಿಮಗೇ ಗೊತ್ತು. ಆ ನೀರು ದಿನಗಟ್ಟಲೆ ನಿಂತ್ರೆ ಟ್ಯಾಂಕಿನ ತಳದ ಉದ್ದಕ್ಕೂ ತಗಡು ತೆಳ್ಳಗಾಗ್ತಾ ಹೋಗತ್ತೆ. ಹೊರಗಿನ ಬಣ್ಣ ಮಾತ್ರ ಹೊಸದರ ಹಾಗೇ ಇರತ್ತೆ.

ಇದಕ್ಕೆ ಮದ್ದು ಕೆಳಗಿರೋ ಡ್ರೈನ್ ಕಾಕ್, ಅಂದ್ರೆ ನೀರು ಬಸಿಯೋ ನಲ್ಲಿ. ದಿನಾ ಸಂಜೆ ಕಂಪ್ರೆಸರ್ ಆಫ್ ಮಾಡಿ, ಪ್ರೆಶರ್ 1–2 ಕೆಜಿಗೆ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ ಲೆಕ್ಕ) ಇಳಿಸಿ, ಕಾಕ್ ನಿಧಾನಕ್ಕೆ ತೆರೀಬೇಕು. ನೀರು ನಿಂತು ಬರೀ ಗಾಳಿ ಬರೋ ತನಕ ಬಿಡ್ಬೇಕು. ಆ ನೀರನ್ನ ಒಂದು ಬಿಳಿ ಡಬ್ಬದಲ್ಲಿ ಹಿಡಿದು ನೋಡಿ. ಸ್ವಲ್ಪ ಕಂದು ಬಣ್ಣ, ಎಣ್ಣೆ ಜಿಡ್ಡು ಇದ್ದೇ ಇರತ್ತೆ. ಡಬ್ಬದ ತಳದಲ್ಲಿ ತುಕ್ಕಿನ ಹಕ್ಕಳೆ ಕೂತ್ರೆ ಒಳಗಿನ ಗೋಡೆ ಉದುರ್ತಿದೆ ಅಂತಲೇ ಅರ್ಥ. ಹುಡುಗರು ಬಗ್ಗಿ ಕಾಕ್ ತಿರುಗಿಸಲ್ಲ ಅನ್ನೋದು ಎಲ್ಲ ಕಡೆ ಇರೋ ದೂರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾಕ್ ಇರೋ ಜಾಗದಿಂದ ಗಟ್ಟಿ ಪೈಪ್ ಎಳೆದು, ಕೈಗೆ ಸಿಗೋ ಕಡೆ ಬಾಲ್ ವಾಲ್ವ್ ಕೂರಿಸಿ. ಪೈಪ್ ಟ್ಯಾಂಕಿನ ತಳಕ್ಕಿಂತ ಮೇಲೆ ಏರಬಾರದು, ಏರಿದ್ರೆ ಅಲ್ಲೇ ನೀರು ನಿಲ್ಲತ್ತೆ.

ಟ್ಯಾಂಕಿನ ತಳದಲ್ಲಿ ಸೂಜಿ ಮೊನೆಯಷ್ಟು ತೂತು ಬಿತ್ತು ಅಂದ್ಕೊಳ್ಳಿ. ಪಕ್ಕದ ವೆಲ್ಡರ್ ಬಂದು ಒಂದು ತುಂಡು ತಗಡು ಹಚ್ಚಿ ಹೋಗ್ತಾರೆ. ದಯವಿಟ್ಟು ಮಾಡಿಸ್ಬೇಡಿ. ತೂತು ಬಿದ್ದಿದ್ದು ಒಂದು ಕಡೆ ಆದ್ರೂ ಸುತ್ತಲಿನ ತಗಡೂ ಅಷ್ಟೇ ಸವೆದಿರತ್ತೆ. ಒಳಗೆ 8–10 ಕೆಜಿ ಒತ್ತಡ ಇರತ್ತೆ, ಒಡೆದ್ರೆ ಪಕ್ಕದಲ್ಲಿ ನಿಂತವರು ಉಳಿಯಲ್ಲ. ಆ ಟ್ಯಾಂಕ್ ಗುಜರಿಗೆ ಹೋಗ್ಬೇಕು. ಇನ್ನೂ ತೂತು ಬಿದ್ದಿಲ್ಲ, ಆದ್ರೆ ಅನುಮಾನ ಇದೆ ಅಂದ್ರೆ ತಿಳಿದವರ ಹತ್ರ ತಗಡಿನ ದಪ್ಪ ಅಳೆಸಿ, ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿಸಿ. ಗಾಳಿ ತುಂಬಿ ಪರೀಕ್ಷೆ ಮಾಡೋ ಸಾಹಸ ಬೇಡ.

ಡ್ರೈನ್ ಮಾಡದ ನೀರಿನ ಕಾಟ ಟ್ಯಾಂಕಿಗೇ ಮುಗಿಯಲ್ಲ. ಗಾಳಿ ಒತ್ತಿ ಎಣ್ಣೆಯಿಂದ ಏಳೋ ಹಾಯ್ಸ್ಟ್ ಇದ್ರೆ, ಆ ತೇವ ನೇರ ಅದರ ಎಣ್ಣೆಗೆ ಹೋಗತ್ತೆ. ಎಣ್ಣೆ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ. ಮೇಲೆ ಮೇಲೆ ಹೊಸ ಎಣ್ಣೆ ಸುರಿದ್ರೆ ಪ್ರಯೋಜನ ಇಲ್ಲ, ಪೂರ್ತಿ ಬಸಿದೇ ಬದಲಾಯಿಸ್ಬೇಕು. ಆಮೇಲೆ ಹಾಯ್ಸ್ಟಿನಲ್ಲಿ ಮೇಲೇರೋ ಉಕ್ಕಿನ ಕಂಬ, ಅಂದ್ರೆ ರ‍್ಯಾಮ್ ಒರೆಸಿ ಉಗುರು ಎಳೆದು ನೋಡಿ. ಉಗುರು ಎಲ್ಲೂ ಸಿಕ್ಕದೇ ಜಾರಿದ್ರೆ ಅದು ಮೇಲಿನ ಕಲೆ ಅಷ್ಟೇ, ಎಣ್ಣೆ ಹಚ್ಚಿ 600 ನಂಬರ್ ಎಮರಿಯಲ್ಲಿ ಹಗುರಕ್ಕೆ ಉಜ್ಜಿದ್ರೆ ಹೋಗತ್ತೆ. ಉಗುರು ಸಿಕ್ಕಿಕೊಂಡ್ರೆ ಗುಳಿ ಬಿದ್ದಿದೆ. ಆ ಗುಳಿ ಇರೋ ತನಕ ಎಷ್ಟು ಸೀಲ್ ಹಾಕಿದ್ರೂ ಹರಿದು ಹಾಕತ್ತೆ. ರ‍್ಯಾಮ್ ಬಿಚ್ಚಿಸಿ ಹಾರ್ಡ್ ಕ್ರೋಮ್ ಮಾಡಿಸೋದೇ ದಾರಿ.

ಬಣ್ಣದ ವಿಷಯ ಚಿಕ್ಕದು. ಹಕ್ಕಳೆ ಪೂರ್ತಿ ಕೆರೆದು, ಥಿನ್ನರ್‌ನಲ್ಲಿ ಜಿಡ್ಡು ಒರೆಸಿ, ಅವತ್ತೇ ಝಿಂಕ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಎಪಾಕ್ಸಿ. ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಿ. ಜೂನ್‌ನಲ್ಲಿ ಒದ್ದೆ ಕಬ್ಬಿಣಕ್ಕೆ ಹೊಡೆದ ಬಣ್ಣ ತುಕ್ಕಿನ ಮೇಲೆ ಮುಚ್ಚಳ ಹಾಕಿದಂಗೆ ಅಷ್ಟೇ. ಇನ್ನು ಪಂಪಿನ ಹಿತ್ತಾಳೆ ಹೆಡ್ಡಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ನಿಪ್ಪಲ್, ಅಂದ್ರೆ ಪೈಪ್ ಜೋಡಿಸೋ ತುಂಡು, ಸೇರಿಸ್ಬೇಡಿ. ಎರಡು ಲೋಹ ನೀರಲ್ಲಿ ಸೇರಿದ್ರೆ ಜಿಐನೇ ಮೊದಲು ಹೋಗತ್ತೆ, ಅದೂ ಥ್ರೆಡ್ ಹತ್ರವೇ. ಹಿತ್ತಾಳೆ ನಿಪ್ಪಲ್ಲೇ ಹಾಕಿ.

ನಮ್ಮ ಕಡೆಗೇ ವಿಶೇಷವಾದ ಒಂದು ಶತ್ರು ಇದೆ: ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್. ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಸಮಯದಲ್ಲಿ ಡ್ರಮ್ಮು ಹೊತ್ತ ಪಿಕಪ್‌ಗಳು ಅಡಿಕೆ ತೋಟದಿಂದ ನೇರ ತೊಳೆಯೋಕೆ ಬರ್ತವೆ. ಸುಣ್ಣ ಸರಿಯಾಗಿ ಬೆರೆತಿದ್ರೆ ತೊಂದರೆ ಕಡಿಮೆ. ಸುಣ್ಣ ಸೇರದ ಮೈಲುತುತ್ತದ ನೀರು ಚೆಲ್ಲಿದ್ರೆ ಕಷ್ಟ. ಒಂದು ಕಬ್ಬಿಣದ ಮೊಳೆನ ಅದರಲ್ಲಿ ಅದ್ದಿಡಿ, ಸ್ವಲ್ಪ ಹೊತ್ತಿಗೇ ಮೈಮೇಲೆ ಕೆಂಪಗೆ ತಾಮ್ರ ಕೂರತ್ತೆ. ಅಷ್ಟು ತಾಮ್ರ ಕೂರೋಕೆ ಮೊಳೆಯ ಕಬ್ಬಿಣ ಕರಗಿರತ್ತೆ. ಕೂತ ತಾಮ್ರ ಪಕ್ಕದ ಕಬ್ಬಿಣವನ್ನ ಮತ್ತೂ ಬೇಗ ತಿನ್ನಿಸತ್ತೆ. ಹಾಯ್ಸ್ಟಿನ ಬೇಸ್ ಪ್ಲೇಟು, ನೆಲದ ಬೋಲ್ಟುಗಳಲ್ಲಿ ಆಗೋದೂ ಇದೇ.

ಅಂಥ ಗಾಡಿನ ಹಾಯ್ಸ್ಟಿಗೆ ಏರಿಸೋ ಮುಂಚೆ ಹೊರಗೇ ನಿಲ್ಲಿಸಿ, ಹಿಂದಿನ ಡಬ್ಬಿಗೆ ಸುಣ್ಣದ ತಿಳಿನೀರು ಸುರಿದು ತೊಳೀರಿ. ಆ ನೀರು ಹಳ್ಳ ಸೇರದ ಹಾಗೆ ನೋಡ್ಕೊಳ್ಳಿ, ತಾಮ್ರ ಮೀನಿಗೆ ವಿಷ. ಗಾಡಿ ಹೋದ ಮೇಲೆ ಬೇಸ್ ಪ್ಲೇಟಿನ ಸುತ್ತ ಬರೀ ನೀರು ಬಿಟ್ಟು, ಬೋಲ್ಟಿನ ಗುಂಡಿಯಲ್ಲಿ ನಿಂತ ನೀರನ್ನ ಗಾಳಿ ಹೊಡೆದು ತೆಗೀರಿ. ಒಣಗಿದ ಮೇಲೆ ಗ್ರೀಸ್ ತುಂಬಿ.