ಹಳೇ ಗೇಮಿನ ತಪ್ಪುಗಳನ್ನು ಯಾಕೆ ಉಳಿಸಬೇಕು?

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಕನ್ನಡದವರು ಸೇರಿದರೆ ವಚನದ ಬಗ್ಗೆಯೋ ದಾಸರ ಪದದ ಬಗ್ಗೆಯೋ ಮಾತಾಡುವುದು ವಾಡಿಕೆ. ಇವತ್ತು ಕಂಪ್ಯೂಟರ್ ಗೇಮ್ ಅಂದಾಗ ಕೆಲವರ ಮುಖ ನೋಡಿದೆ. ಹಿರಿಯರು ದಯವಿಟ್ಟು ಎದ್ದು ಹೋಗಬೇಡಿ. ನಿಮ್ಮ ಸಿನಿಮಾದ ವಿಷಯವೂ ಬರುತ್ತದೆ.

ನಾನು ಹಗಲು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಶನಿವಾರ, ಭಾನುವಾರ ಹಳೇ ಗೇಮ್‌ಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಕೆಲಸಕ್ಕೆ ಕೈ ಹಾಕುತ್ತೇನೆ, ಇದಕ್ಕೆ ಪೋರ್ಟ್ ಮಾಡುವುದು ಅನ್ನುತ್ತಾರೆ. ಆಡುವವರಿಗೆ ತೊಂದರೆಯಾದರೆ ಉತ್ತರ ಕೊಡುತ್ತೇನೆ. ಎರಡನೇ ಕೆಲಸವೇ ಜಾಸ್ತಿ.

ಒಂದು ವಿಮಾನದ ಕಥೆ ಹೇಳುತ್ತೇನೆ. ಜಿಟಿಎ ಸ್ಯಾನ್ ಆಂಡ್ರಿಯಾಸ್ ಎಂಬ ಗೇಮ್ ಇಲ್ಲಿರುವ ಹುಡುಗರಿಗೆಲ್ಲ ಗೊತ್ತು. ಪಿಸಿಗೆ ಬಂದದ್ದು 2005ರಲ್ಲಿ. ಅದರಲ್ಲಿ ಸ್ಕಿಮ್ಮರ್ ಎಂಬ ನೀರಿನ ಮೇಲೆ ಇಳಿಯುವ ವಿಮಾನ ಇದೆ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಆ ವಿಮಾನ ಇದ್ದ ಜಾಗದಲ್ಲಿ ಇಲ್ಲ! ಚೀಟ್, ಅಂದರೆ ಗೇಮಿನ ನಿಯಮ ಮೀರುವ ಕಳ್ಳದಾರಿ, ಹಾಕಿ ಬಲವಂತವಾಗಿ ತರಿಸಿದರೆ ಆಟಗಾರ ಸೀದಾ ಆಕಾಶಕ್ಕೆ ಹಾರಿಹೋಗುತ್ತಾನೆ. ಗೇಮಿನ ಒಂದಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ. ಎಲ್ಲರೂ ಮೈಕ್ರೋಸಾಫ್ಟ್ ಅನ್ನು ಬೈದರು.

ಸೈಲೆಂಟ್ ಎಂಬ ಹೆಸರಿನಲ್ಲಿ ಈ ಗೇಮ್‌ಗಳಿಗೆ ಪ್ಯಾಚ್, ಅಂದರೆ ತಪ್ಪು ತಿದ್ದುವ ತೇಪೆ, ಬರೆಯುವ ಪ್ರೋಗ್ರಾಮರ್ ಒಬ್ಬರಿದ್ದಾರೆ. ಅವರು ಬೆನ್ನು ಹತ್ತಿ ಮೂಲ ಹಿಡಿದರು. ಗೇಮಿನ ಜೊತೆ ಒಂದು ಫೈಲ್ ಇದೆ, ಒಂದೊಂದು ಗಾಡಿಗೆ ಒಂದೊಂದು ಸಾಲು. ಸ್ಕಿಮ್ಮರ್ ಇದೇ ಸರಣಿಯ ಹಿಂದಿನ ಗೇಮ್ ವೈಸ್ ಸಿಟಿಯಲ್ಲಿ ದೋಣಿ ಎಂದು ದಾಖಲಾಗಿತ್ತು. ದೋಣಿಗೆ ಚಕ್ರ ಎಲ್ಲಿಯದು? ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದನ್ನು ವಿಮಾನ ಮಾಡಿದರು, ಚಕ್ರದ ಅಳತೆ ಬರೆಯುವುದನ್ನು ಮರೆತರು. ಸಾಲು ಪೂರ್ತಿ ಇದೆಯಾ ಎಂದು ಗೇಮ್ ನೋಡುವುದಿಲ್ಲ. ಇಲ್ಲದ ಅಂಕಿಯ ಜಾಗದಲ್ಲಿ ಮೆಮೊರಿಯಲ್ಲಿ ಏನು ಬಿದ್ದಿದೆಯೋ ಅದನ್ನೇ ಎತ್ತಿಕೊಳ್ಳುತ್ತದೆ. ಅಲ್ಲಿ ಸ್ವಲ್ಪ ಮೊದಲು ಓದಿದ ಇನ್ನೊಂದು ಗಾಡಿಯ ಚಕ್ರದ ಅಳತೆ ಹಾಗೇ ಉಳಿದಿರುತ್ತಿತ್ತು. ಸುಮಾರು ಇಪ್ಪತ್ತು ವರ್ಷ ಆ ವಿಮಾನ ಪಕ್ಕದ ಮನೆಯವರ ಅಳತೆಯಲ್ಲಿ ಹಾರಾಡಿತು. ಹೊಸ ವಿಂಡೋಸ್ ತನ್ನ ಒಳಗಿನ ಕೆಲಸಕ್ಕೆ ಅದೇ ಜಾಗವನ್ನು ಸ್ವಲ್ಪ ಜಾಸ್ತಿ ಬಳಸಿತು. ಅಳತೆ ಅಳಿಸಿಹೋಯಿತು. ವಿಂಡೋಸ್‌ನದ್ದು ಏನೂ ತಪ್ಪಿಲ್ಲ.

ಹಳೇ ಗೇಮ್‌ಗಳು ಹೀಗೇ. ಅವು ಓಡುವುದು ಬರೆದ ಕೋಡಿನಿಂದ ಮಾತ್ರ ಅಂತ ನಾವು ತಿಳಿದಿರುತ್ತೇವೆ. ಆಗಿನ ಯಂತ್ರದ ವೇಗ, ಆಗಿನ ಪರದೆಯ ಆಕಾರ, ಯಾರೂ ಗಮನಿಸದ ಅದೃಷ್ಟ, ಎಲ್ಲದರ ಮೇಲೆ ಅವು ನಿಂತಿರುತ್ತವೆ. ಇವುಗಳಲ್ಲಿ ಏನನ್ನು ತಿದ್ದಬೇಕು, ಏನನ್ನು ಹಾಗೇ ಬಿಡಬೇಕು ಅನ್ನುವುದೇ ಪೋರ್ಟ್ ಮಾಡುವವನ ನಿಜವಾದ ತಲೆನೋವು. ಉತ್ತರ ಆಡುವವರ ಹತ್ತಿರ ಇರುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ವೇಗದ ವಿಷಯ ನೋಡಿ. ಮೊದಲಿನ ಐಬಿಎಂ ಪಿಸಿ ಓಡುತ್ತಿದ್ದದ್ದು 4.77 ಮೆಗಾಹರ್ಟ್ಸ್‌ನಲ್ಲಿ. ಎಷ್ಟೋ ಗೇಮ್‌ಗಳು ಅದನ್ನೇ ಗಡಿಯಾರ ಅಂದುಕೊಂಡಿದ್ದವು. ಆಮೇಲೆ ವೇಗದ ಯಂತ್ರ ಬಂದಾಗ ಕ್ಯಾಬಿನೆಟ್ ಮೇಲೆ ಟರ್ಬೋ ಬಟನ್ ಇಟ್ಟರು. ಹೆಸರು ಟರ್ಬೋ, ಬಳಕೆ ಜಾಸ್ತಿ ನಿಧಾನ ಮಾಡಲಿಕ್ಕೆ. ಪ್ರೋಗ್ರಾಮ್ ಬರೆಯುವ ಸಾಧನವಾದ ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮ್‌ಗಳದ್ದು ಇನ್ನೂ ಮಜಾ. ಶುರುವಾಗುವಾಗಲೇ ಅವು ಯಂತ್ರ ಎಷ್ಟು ಚುರುಕು ಎಂದು ಎಣಿಸಿ, ಆ ಲೆಕ್ಕವನ್ನು 55ರಿಂದ ಭಾಗಿಸುತ್ತಿದ್ದವು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರಗಳಲ್ಲಿ ಉತ್ತರ ಇಟ್ಟುಕೊಳ್ಳಲು 16 ಬಿಟ್‌ನ ಜಾಗ ಸಾಲಲಿಲ್ಲ. ‘ರನ್‌ಟೈಮ್ ಎರರ್ 200’ ಎಂದು ಹೇಳಿ ಪ್ರೋಗ್ರಾಮ್ ನಿಲ್ಲುತ್ತಿತ್ತು.

ವಿಂಡೋಸ್ ಎಕ್ಸ್‌ಪಿಯ ಪಿನ್‌ಬಾಲ್ ನೆನಪಿದೆ ಅಲ್ವಾ? ಬ್ಯಾಂಕ್ ಕೆಲಸದವರಿಗೆ ಚೆನ್ನಾಗಿ ನೆನಪಿರಬೇಕು. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಅದರ ಬಗ್ಗೆ ಬರೆದಿದ್ದಾರೆ. ಆ ಗೇಮ್ ಪ್ರೊಸೆಸರ್ ಎಷ್ಟು ಬಿಟ್ಟರೆ ಅಷ್ಟು ಚಿತ್ರ ಬಿಡಿಸುತ್ತಲೇ ಇರುತ್ತಿತ್ತು. ಅವರು ಸೆಕೆಂಡಿಗೆ 100 ಎಂದು ಮಿತಿ ಹಾಕಿದರು. ಅದು ಸುಲಭದ ಕೆಲಸ. ಹೊಸ 64 ಬಿಟ್ ಯಂತ್ರಗಳಿಗೆ ಒಯ್ಯುವಾಗ ಚೆಂಡು ದೆವ್ವದ ಹಾಗೆ ಎಲ್ಲದರ ಮೂಲಕ ತೂರಿ ಹೋಗತೊಡಗಿತು. ಹೊರಗಿನವರಿಂದ ಬಂದ ಕೋಡ್, ಅದರಲ್ಲಿ ಟಿಪ್ಪಣಿಯೂ ಇಲ್ಲ. ಕೊನೆಗೆ ಗೇಮನ್ನೇ ಕೈಬಿಟ್ಟರು, ಎಕ್ಸ್‌ಪಿಯ ನಂತರದ ವಿಸ್ತಾದಲ್ಲಿ ಪಿನ್‌ಬಾಲ್ ಬರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಹೊರಗಿನ ಅಭಿಮಾನಿಯೊಬ್ಬರು ಆ ಇಎಕ್ಸ್‌ಇ ಫೈಲನ್ನೇ ಬಿಚ್ಚಿ, ಓದಿ, ಮತ್ತೆ ಸಿ++ನಲ್ಲಿ ಬರೆದರು. ಈಗ ಅದು ಲಿನಕ್ಸ್‌ನಲ್ಲೂ ಓಡುತ್ತದೆ.

ಪ್ರಿನ್ಸ್ ಆಫ್ ಪರ್ಷಿಯಾ ಆಡದವರು ಕೈ ಎತ್ತಿ. ನೋಡಿ, ಸೀರೆ ಉಟ್ಟ ಅಕ್ಕಂದಿರೂ ಕೈ ಎತ್ತಲಿಲ್ಲ! ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರೆಲ್ಲ ವಿಂಡೋಸ್‌ಗೂ ಮೊದಲಿನ ಡಾಸ್ ಕಲಿತದ್ದೇ ಆ ಗೇಮ್ ತೆರೆಯಲಿಕ್ಕೆ. ‘ಪ್ರಿನ್ಸ್ ಮೆಗಾಹಿಟ್’ ಅಂತ ಟೈಪ್ ಮಾಡಿದರೆ ಚೀಟ್ ಶುರುವಾಗುತ್ತಿತ್ತು. ಜೋರ್ಡನ್ ಮೆಕ್ನರ್ ಅದನ್ನು 1989ರಲ್ಲಿ ಆಪಲ್ 2 ಯಂತ್ರಕ್ಕೆ ಬರೆದರು. ತಮ್ಮ ಡೇವಿಡ್ ಓಡುವುದು, ಹಾರುವುದನ್ನು ವಿಡಿಯೋ ತೆಗೆದು, ಅದನ್ನು ನೋಡಿ ರಾಜಕುಮಾರನ ಚಿತ್ರ ಬಿಡಿಸಿದರು. ಇನ್ನೊಬ್ಬ ವೈರಿಯ ಚಿತ್ರಕ್ಕೆ ಮೆಮೊರಿ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಸ್ವಲ್ಪ ಜರುಗಿಸಿ ಬೆರೆಸಿ ಮಿನುಗುವ ನೆರಳು ಮಾಡಿದರು. ಕನ್ನಡಿಯಿಂದ ಹೊರಬರುತ್ತಾನಲ್ಲ, ಅವನೇ. ಮೆಮೊರಿ ಇಲ್ಲದ ಬಡತನದಿಂದ ಹುಟ್ಟಿದವನು ಇಡೀ ಗೇಮಿನಲ್ಲಿ ಎಲ್ಲರಿಗೂ ನೆನಪಿರುವ ಪಾತ್ರವಾದ.

ಆ ಗೇಮಿನ ಮೂಲ ಕೋಡ್ ಎಷ್ಟೋ ವರ್ಷ ಸಿಕ್ಕಿರಲಿಲ್ಲ. 2012ರಲ್ಲಿ ಮೆಕ್ನರ್ ಅವರ ತಂದೆ ಕಳಿಸಿದ ಡಬ್ಬದಲ್ಲಿ ಫ್ಲಾಪಿಗಳು ಸಿಕ್ಕವು. ಹಳೇ ಕಂಪ್ಯೂಟರ್ ದಾಖಲೆ ಉಳಿಸುವ ಜೇಸನ್ ಸ್ಕಾಟ್ ಮತ್ತು ಟೋನಿ ಡಯಾಸ್ ಬಂದು ಅವನ್ನು ಓದಿಕೊಟ್ಟರು. ಕೋಡನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಆದರೆ ಅದು ಆಪಲ್ 2 ಯಂತ್ರದ ಕೋಡ್. ನಾವು ಆಡಿದ್ದು ಡಾಸ್‌ನದ್ದು. ಅದಕ್ಕೆ ಅಭಿಮಾನಿಗಳು ಬೇರೆ ದಾರಿ ಹಿಡಿದರು. ಡಾಸ್ ಪ್ರೋಗ್ರಾಮನ್ನು ಬಿಚ್ಚಿ, ಸಾಲು ಸಾಲು ಅರ್ಥ ಮಾಡಿಕೊಂಡು, ಸಿ ಭಾಷೆಯಲ್ಲಿ ಬರೆದರು. ಎಸ್‌ಡಿಎಲ್‌ಪಾಪ್ ಅಂತ ಅದರ ಹೆಸರು. ನನಗೆ ತುಂಬಾ ಇಷ್ಟವಾದದ್ದು ಅದರ ಸೆಟ್ಟಿಂಗ್ಸ್ ಫೈಲ್. ಹಳೇ ಗೇಮಿನ ಒಂದೊಂದು ದೋಷಕ್ಕೂ ಅಲ್ಲಿ ಒಂದೊಂದು ಸಾಲು ಇದೆ. ತಿದ್ದಬೇಕಾದರೆ ಆನ್ ಮಾಡಿ, ಬೇಡವಾದರೆ ಬಿಡಿ. ಬರೆದವರು ತಾವೇ ತೀರ್ಪು ಕೊಡಲು ಹೋಗಲಿಲ್ಲ.

ಪರದೆಯ ಆಕಾರದ ಬಗ್ಗೆ ಎರಡು ಮಾತು. ಆ ಕಾಲದ ಗೇಮ್‌ಗಳ ಚಿತ್ರ 320 ಅಡ್ಡ, 200 ಉದ್ದ. ತೋರಿಸುತ್ತಿದ್ದ ಟ್ಯೂಬ್ ಮಾನಿಟರ್ 4:3. ಅಂದರೆ ಒಂದೊಂದು ಚುಕ್ಕಿಯೂ ಸ್ವಲ್ಪ ಎತ್ತರವಾಗಿ ಕಾಣುತ್ತಿತ್ತು. ಈಗಿನ ಚೌಕ ಚುಕ್ಕಿಯ ಪರದೆಗೆ ಸುಮ್ನೆ ಹಾಕಿದರೆ ರಾಜಕುಮಾರ ಕುಳ್ಳನಾಗುತ್ತಾನೆ. ದುಡ್ಡು ತೆಗೆದುಕೊಂಡು ಮಾರುವ ಕೆಲವು ಪೋರ್ಟ್‌ಗಳಲ್ಲೂ ಇದನ್ನು ನೋಡಿದ್ದೇನೆ, ಸಿಟ್ಟು ಬರುತ್ತದೆ.

ಈಗ ಡೂಮ್, ರಾಕ್ಷಸರಿಗೆ ಗುಂಡು ಹೊಡೆಯುವ ಗೇಮ್. 1993ರ ಡಿಸೆಂಬರ್‌ನಲ್ಲಿ ಬಂತು. ನಾಲ್ಕು ವರ್ಷ ಆದ ಮೇಲೆ, 1997ರಲ್ಲಿ, ಅದನ್ನು ಬರೆದವರಲ್ಲಿ ಒಬ್ಬರಾದ ಜಾನ್ ಕಾರ್ಮ್ಯಾಕ್ ಅದರ ಕೋಡನ್ನು ಹೊರಗೆ ಬಿಟ್ಟರು. 1999ರಲ್ಲಿ ಅದು ಜಿಪಿಎಲ್ ಅಡಿ ಬಂತು, ಅಂದರೆ ಯಾರು ಬೇಕಾದರೂ ಬದಲಿಸಿ ಹಂಚಬಹುದು. ಅಲ್ಲಿಂದ ಪೋರ್ಟ್‌ಗಳ ಜಾತ್ರೆಯೇ ಶುರುವಾಯಿತು. ಡೂಮ್ ಸೆಕೆಂಡಿಗೆ 35 ಸಲ ಲೆಕ್ಕ ಹಾಕುತ್ತದೆ. ಆಗಿನ ಪರದೆ ಸೆಕೆಂಡಿಗೆ 70 ಸಲ ಬದಲಾಗುತ್ತಿತ್ತು, ಅದರ ಅರ್ಧ. ಯಾದೃಚ್ಛಿಕ ಅಂತ ನಾವು ಅಂದುಕೊಳ್ಳುವುದು 256 ಅಂಕಿಗಳ ಒಂದು ಪಟ್ಟಿ, ಪ್ರತಿ ಸಲವೂ ಅದೇ ಕ್ರಮ.

ಹಾಗಾಗಿ ನೀವು ಆಡಿದ ಆಟವನ್ನು ರೆಕಾರ್ಡ್ ಮಾಡಲು ವಿಡಿಯೋ ಬೇಕಿಲ್ಲ. ಯಾವ ಕ್ಷಣ ಯಾವ ಕೀ ಒತ್ತಿದಿರಿ ಅಂತ ಬರೆದಿಟ್ಟರೆ ಸಾಕು. ಮತ್ತೆ ಓಡಿಸಿದರೆ ಅದೇ ಆಟ ಬರುತ್ತದೆ. ಇದನ್ನು ಡೆಮೋ ಅನ್ನುತ್ತಾರೆ. ತೊಂಬತ್ತರ ದಶಕದಿಂದ ಆಟಗಾರರು ಇಂಥ ಡೆಮೋ ಕಳಿಸಿ ಪಂದ್ಯ ಕಟ್ಟುತ್ತಿದ್ದಾರೆ. ಪೋರ್ಟ್ ಮಾಡುವವನು ಒಳ್ಳೆಯ ಮನಸ್ಸಿನಿಂದ ಒಂದು ಸಣ್ಣ ತಪ್ಪು ತಿದ್ದಿದ ಅಂತ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಒಂದು ಅಂಕಿ ಹಿಂದೆ ಮುಂದೆ ಆಯಿತು. ಹಳೇ ಡೆಮೋದಲ್ಲಿ ರಾಕ್ಷಸ ನಿಂತ ಜಾಗ ಬದಲಾಗುತ್ತದೆ. ಆಟಗಾರ ಗೋಡೆಗೆ ಮುಖ ಕೊಟ್ಟು ಗಾಳಿಗೆ ಗುಂಡು ಹೊಡೆಯುತ್ತಿರುತ್ತಾನೆ. ಯಾರದೋ ದಾಖಲೆ ಅಲ್ಲಿಗೆ ಹಾಳು.

ಇನ್ನೂ ಒಂದಿದೆ. ಡೂಮ್‌ನಲ್ಲಿ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಓಡಿದರೆ ವೇಗ ಜಾಸ್ತಿ. ಎರಡೂ ವೇಗಗಳನ್ನು ಮಿತಿಯಿಲ್ಲದೆ ಸೇರಿಸಿದ್ದರಿಂದ ಆದದ್ದು. ಇದು ತಪ್ಪೇ. ಆದರೆ ಚೆನ್ನಾಗಿ ಆಡುವವರೆಲ್ಲ ಓಡುವುದು ಹಾಗೆಯೇ. ಅದನ್ನು ತಿದ್ದಿದರೆ ಅವರ ಕೈಗೆ ಕೂತ ಕಲೆಯನ್ನೇ ಕಿತ್ತುಕೊಂಡ ಹಾಗೆ. ಇದನ್ನು ಅರಿತು ಬಂದದ್ದು ಚಾಕೊಲೇಟ್ ಡೂಮ್. ಸೈಮನ್ ಹೋವರ್ಡ್ 2005ರಲ್ಲಿ ಶುರು ಮಾಡಿದ್ದು. ಮೂಲ ಡೂಮ್ ಹೇಗೆ ನಡೆಯುತ್ತಿತ್ತೋ ಹಾಗೆಯೇ ನಡೆಯಬೇಕು ಅನ್ನುವುದು ಅದರ ಹಠ. ಒಂದೇ ನೋಟದಲ್ಲಿ ಕಾಣುವ ನೆಲ ಮತ್ತು ಛಾವಣಿಯ ತುಂಡುಗಳು 128 ದಾಟಿದರೆ ಮೂಲ ಗೇಮ್ ಕುಸಿಯುತ್ತಿತ್ತು. ಇದೂ ಕುಸಿಯುತ್ತದೆ. ಹೊಸಬರಿಗೆ ಇದು ಹುಚ್ಚು ಅನ್ನಿಸುತ್ತದೆ. ಹಳೇ ಯಂತ್ರಕ್ಕೆ ಹೊಸ ನಕ್ಷೆ ಕಟ್ಟುವವನಿಗೆ ಮಾತ್ರ ಅದೇ ಬೇಕು, ಇಲ್ಲದಿದ್ದರೆ ಪರೀಕ್ಷೆ ಎಲ್ಲಿ ಮಾಡುವುದು? ಚಂದದ ಬೆಳಕು, ದೊಡ್ಡ ಪರದೆ ಬೇಕಾದವರಿಗೆ ಬೇರೆ ಪೋರ್ಟ್‌ಗಳಿವೆ. ಜಗಳ ಬೇಡ.

ಇನ್ನು ಆಟಗಾರರ ತೊಂದರೆಗಳು. ಬರುವ ದೂರು ಸಾಮಾನ್ಯವಾಗಿ ಒಂದೇ ಸಾಲು. ನಮ್ಮ ಬಿಲ್ಡಿಂಗ್‌ನಲ್ಲಿ ಧಾರವಾಡದವರ ಹುಡುಗ ಇದ್ದಾನೆ. ಮೆಟ್ಟಿಲ ಮೇಲೆ ಹಿಡಿದು, ‘ಕಾಕಾ, ಗೇಮ್ ಓಪನ್ ಆಗವಲ್ತು’ ಅಂದ. ಯಾವ ಗೇಮ್, ಯಾವ ವರ್ಷನ್, ಪರದೆ ಮೇಲೆ ಏನು ಬಂತು? ‘ಏನೂ ಬರಂಗಿಲ್ರೀ, ಸುಮ್ನೆ ಹೋಗಿಬಿಡ್ತದ.’ ಹೋಗಿ ನೋಡಿದರೆ ಅವರ ಅಪ್ಪ ಭಾಷಾಭಿಮಾನಿ. ಕಂಪ್ಯೂಟರ್‌ನಲ್ಲಿ ಮಗನ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದಾರೆ. ವಿಂಡೋಸ್ ಆ ಹೆಸರಿನಲ್ಲೇ ಫೋಲ್ಡರ್ ಮಾಡಿದೆ. ಗೇಮ್ ಸೇವ್ ಫೈಲ್, ಅಂದರೆ ಆಟ ನಿಲ್ಲಿಸಿದ ಜಾಗದ ದಾಖಲೆ, ಇಡಲು ಹೋಗುವುದು ಅಲ್ಲಿಗೇ.

ಹಳೇ ವಿಂಡೋಸ್ ಪ್ರೋಗ್ರಾಮ್‌ಗಳು ಅಕ್ಷರಗಳನ್ನು ಆಯಾ ಭಾಷೆಯ ಕೋಡ್ ಪೇಜ್ ಎಂಬ ಅಕ್ಷರಪಟ್ಟಿಯ ಮೂಲಕ ಓದುತ್ತವೆ. ರಷ್ಯನ್‌ಗೆ ಒಂದಿದೆ, ಜಪಾನಿಗೆ ಒಂದಿದೆ. ಕನ್ನಡಕ್ಕೂ ಮರಾಠಿಗೂ ಅಂಥದ್ದು ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ, ನಮ್ಮ ಲಿಪಿಗಳು ಬಂದದ್ದೇ ಎಲ್ಲ ಭಾಷೆಗೂ ಒಂದೇ ಪಟ್ಟಿಯಾದ ಯೂನಿಕೋಡ್‌ನಲ್ಲಿ. ಹಾಗಾಗಿ ಕನ್ನಡದ ಹೆಸರು ಹಳೇ ಗೇಮಿಗೆ ಬರೀ ಪ್ರಶ್ನೆ ಚಿಹ್ನೆಗಳಾಗಿ ಕಾಣುತ್ತದೆ. ಪ್ರಶ್ನೆ ಚಿಹ್ನೆಯನ್ನು ಫೈಲ್ ಹೆಸರಲ್ಲಿ ವಿಂಡೋಸ್ ಒಪ್ಪುವುದಿಲ್ಲ. ಗೇಮ್ ಬಾಗಿಲಲ್ಲೇ ಸಾಯುತ್ತದೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರ್‌ಗೆ ತರಲು ದುಡಿದ ಸಿ-ಡ್ಯಾಕ್ 1988ರಿಂದ ಇದೇ ಪುಣೆಯಲ್ಲಿದೆ. ಅದೇ ಊರಲ್ಲಿ ಈ ದೂರು. ಇಂಥದ್ದನ್ನು ಯುರೋಪಿನಲ್ಲಿ ಕೂತ ಪ್ರೋಗ್ರಾಮರ್ ಕನಸಲ್ಲೂ ಕಾಣುವುದಿಲ್ಲ. ನಾವು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ. ಅದಕ್ಕೇ ದೂರು ಕೊಡಿ, ಪೂರ್ತಿ ಕೊಡಿ: ವರ್ಷನ್, ಗೇಮ್ ಏನೇನು ಮಾಡಿತು ಎಂದು ಬರೆದಿಡುವ ಲಾಗ್ ಫೈಲ್, ಸಾಧ್ಯವಾದರೆ ಸೇವ್ ಫೈಲ್. ‘ಓಡ್ತಿಲ್ಲ’ ಅಂದರೆ ನಾವೇನು ಮಾಡಲಿ?

ಇನ್ನೊಂದು ದೊಡ್ಡ ದೂರು, ‘ನನ್ನ ಸೇವ್ ಎಲ್ಲಾ ಹೋಯಿತು’. ಹೆಚ್ಚಾಗಿ ಹೋಗಿರುವುದಿಲ್ಲ. ಹಳೇ ಗೇಮ್‌ಗಳು ತಾವಿದ್ದ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಲ್ಲೇ ಸೇವ್ ಬರೆಯುತ್ತವೆ. ವಿಸ್ತಾದಿಂದ ಈಚೆಗೆ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಗೇಮಿಗೆ ಬೇಜಾರಾಗದಿರಲಿ ಅಂತ ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಇನ್ನೊಂದು ಫೋಲ್ಡರಿಗೆ ತಿರುಗಿಸುತ್ತದೆ. ಹೊಸ ಪೋರ್ಟ್ ಹಾಕಿದಾಗ ಅದು ಹಳೇ ಜಾಗದಲ್ಲಿ ಹುಡುಕುತ್ತದೆ, ಖಾಲಿ. ವರ್ಚುವಲ್‌ಸ್ಟೋರ್ ತೆರೆದು ತೋರಿಸಿದಾಗ ಆಟಗಾರರಿಗೆ ಆಗುವ ಖುಷಿ ನೋಡಬೇಕು.

ದುಡ್ಡು ಕೊಟ್ಟು ಒರಿಜಿನಲ್ ಸಿಡಿ ಕೊಂಡವರ ಕಥೆ ಎಲ್ಲಕ್ಕಿಂತ ಅನ್ಯಾಯದ್ದು. ನಕಲು ತಡೆಯಲು ಸೇಫ್‌ಡಿಸ್ಕ್ ಎಂಬ ಬೀಗ ಹಾಕುತ್ತಿದ್ದರು. ಅದರ ಡ್ರೈವರ್ ಪ್ರೋಗ್ರಾಮ್‌ನಲ್ಲಿ ಭದ್ರತೆಯ ದೋಷವಿತ್ತು. 2015ರಲ್ಲಿ ವಿಂಡೋಸ್ 10 ಅದನ್ನು ಬಿಟ್ಟುಬಿಟ್ಟಿತು. ಬೀಗ ಕಿತ್ತ ನಕಲಿ ಸಿಡಿ ಓಡುತ್ತದೆ, ಅಸಲಿ ಓಡುವುದಿಲ್ಲ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಗ್ಗದ ಸಿಡಿ ಕೊಂಡವರು ಈಗ ನಗುತ್ತಿದ್ದಾರೆ.

ಕಾನೂನಿನ ಪ್ರಶ್ನೆ ಯಾರಾದರೂ ಕೇಳುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಡೂಮ್‌ನ ಕೋಡ್ ಬಿಡುಗಡೆಯಾಗಿದೆ. ಅದರ ಚಿತ್ರ, ನಕ್ಷೆ, ಸದ್ದು ಆಗಿಲ್ಲ. ಅವು ಬೇಕಾದರೆ ಗೇಮ್ ಕೊಳ್ಳಬೇಕು. ಓಪನ್‌ಟಿಟಿಡಿ ಎಂಬ ಗೇಮ್, ಹಳೇ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್‌ನ ಮರುರೂಪ, 2004ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಶುರು ಮಾಡಿದ್ದು. ಅದಕ್ಕೂ ಮೊದಲು ಹಳೇ ಸಾಹಸದ ಗೇಮ್‌ಗಳಿಗಾಗಿ ಸ್ಕಮ್‌ವಿಎಂ ಶುರು ಮಾಡಿದ ಇಬ್ಬರಲ್ಲೂ ಅವರು ಒಬ್ಬರು. ಓಪನ್‌ಟಿಟಿಡಿಗೆ ಅಭಿಮಾನಿಗಳು ಚಿತ್ರಗಳನ್ನೂ ಸದ್ದನ್ನೂ ಹೊಸದಾಗಿ ಮಾಡಿಕೊಂಡರು. 2010ರ 1.0 ಆವೃತ್ತಿಯಿಂದ ಅದಕ್ಕೆ ಹಳೇ ಸಿಡಿ ಬೇಕಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಪರವಾಗಿಲ್ಲ. ಅದರ 52ನೇ ಕಲಮಿನ ಪ್ರಕಾರ, ನೀವು ನ್ಯಾಯವಾಗಿ ಪಡೆದ ಪ್ರೋಗ್ರಾಮಿಗೆ ಬ್ಯಾಕಪ್ ತೆಗೆದುಕೊಳ್ಳಬಹುದು.

ಸಿನಿಮಾ ಅಂದೆನಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’, 1934ರದ್ದು. ತಯಾರಾದದ್ದು ಇಲ್ಲೇ ಹತ್ತಿರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಇವತ್ತು ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಹಳೇ ಗೇಮ್‌ಗಳನ್ನು ಉಳಿಸುತ್ತಿರುವವರು ಹೆಚ್ಚಾಗಿ ಸಂಬಳವಿಲ್ಲದ ಅಭಿಮಾನಿಗಳು.

ಮನೆಯಲ್ಲಿ ಹಳೇ ಗೇಮ್ ಸಿಡಿ ಇದ್ದರೆ ಇಮೇಜ್, ಅಂದರೆ ಸಿಡಿಯ ಪೂರ್ತಿ ನಕಲು, ತೆಗೆದಿಡಿ. ಬರೀ ಐಎಸ್‌ಓ ಫೈಲ್ ಮಾಡಬೇಡಿ. ಆಗಿನ ಎಷ್ಟೋ ಗೇಮ್‌ಗಳ ಸಂಗೀತ ಸಿಡಿಯಲ್ಲಿ ಹಾಡಿನ ಟ್ರ್ಯಾಕ್ ಆಗಿ ಇರುತ್ತದೆ, ಐಎಸ್‌ಓದಲ್ಲಿ ಅದು ಬರುವುದಿಲ್ಲ. ಬಿನ್ ಮತ್ತು ಕ್ಯೂ ಫೈಲ್ ಬರುವ ಹಾಗೆ ತೆಗೆಯಿರಿ. ಜೊತೆಗಿದ್ದ ಪುಸ್ತಕ ರದ್ದಿಗೆ ಹಾಕಬೇಡಿ. ಪ್ರಿನ್ಸ್ ಆಫ್ ಪರ್ಷಿಯಾ ಮೊದಲ ಹಂತ ಮುಗಿದ ಮೇಲೆ ಆ ಪುಸ್ತಕದ ಅಕ್ಷರ ಕೇಳುತ್ತದೆ. ಸಿಡಿ ಡ್ರೈವ್ ಇಲ್ಲದವರು ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಯುಎಸ್‌ಬಿ ಡ್ರೈವ್ ತಂದಿದ್ದೇನೆ. ಈಗ ಪ್ರಶ್ನೆ ಕೇಳಿ.