ಹೊಲದ ಎರಡು ಪಟ್ಟಿ, ಬೆಟ್ಟದ ಒಂದು ದಾರಿ

ಕೇಳುಗರಿಗೆ ನಮಸ್ಕಾರ. ಇವತ್ತು ಕ್ಯಾಲ್ಕುಲಸ್‌ನ ಎರಡು ರೂಲು: ಪ್ರಾಡಕ್ಟ್ ರೂಲ್, ಚೈನ್ ರೂಲ್. ಎರಡೂ ಡೆರಿವೇಟಿವ್, ಅಂದರೆ ಒಂದು ಬದಲಾದಂತೆ ಇನ್ನೊಂದು ಬದಲಾಗುವ ದರ, ಕಂಡುಹಿಡಿಯುವ ದಾರಿಗಳು. ಪಿಯುಸಿ ಓದುವ ಮಕ್ಕಳು ಹತ್ತಿರದಲ್ಲಿದ್ದರೆ ಒಂದು ಹಾಳೆ, ಪೆನ್ಸಿಲ್ ಹಿಡಿದು ಕೂರಲಿ.

ಹಾಸನದಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದಾಗ ಆಲೂರು ಕಡೆಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಒಂದಕ್ಕೊಂದು ಗುಣಿಸಿರುವ ಎರಡರ ಡೆರಿವೇಟಿವ್ ಬೇರೆ ಬೇರೆ ಕಂಡುಹಿಡಿದು ಗುಣಿಸಿದೆ. ಯಾಕೆ ತಪ್ಪು?" ಅದು ರೂಲು, ಬಾಯಿಪಾಠ ಮಾಡಮ್ಮ ಅಂದುಬಿಟ್ಟೆ. ಆ ಉತ್ತರ ನನಗೆ ರಾತ್ರಿಯೆಲ್ಲ ಚುಚ್ಚಿತು. ಅವಳ ಪ್ರಶ್ನೆ ಸಣ್ಣದಲ್ಲ. ಕ್ಯಾಲ್ಕುಲಸ್ ಕಟ್ಟಿದ ಲೈಬ್ನಿಟ್ಸ್ ಕೂಡ 1675ರ ನವೆಂಬರ್‌ನ ಟಿಪ್ಪಣಿಯಲ್ಲಿ ಇದನ್ನೇ ಕೇಳಿಕೊಂಡಿದ್ದರು. ಸರಿಯಾದ ನಿಯಮ ಅಚ್ಚಾಗಿ ಬಂದದ್ದು 1684ರಲ್ಲಿ.

ಮರುದಿನ ಬೋರ್ಡಿನ ಮೇಲೆ ಒಂದು ಆಲೂಗಡ್ಡೆ ಹೊಲ ಬರೆದೆ. ನೀವೂ ಬರೆಯಿರಿ. ಉದ್ದ 30 ಮೀಟರ್, ಅಗಲ 20. ಒಟ್ಟು 600 ಚದರ ಮೀಟರ್. ಪಕ್ಕದ ಬೀಳು ಜಾಗವನ್ನೂ ಉತ್ತು ಸೇರಿಸಿಕೊಂಡೆವು ಅಂದುಕೊಳ್ಳಿ. ಉದ್ದ 2 ಮೀಟರ್ ಬೆಳೆಯಿತು, ಅಗಲ 1 ಮೀಟರ್. ಈಗ 32 ಇಂಟು 21, ಅಂದರೆ 672. ಹೆಚ್ಚಾದದ್ದು 72.

ಈ 72 ಎಲ್ಲಿಂದ ಬಂತು? ಉದ್ದ ಬೆಳೆದ ಕಡೆ ಒಂದು ಪಟ್ಟಿ: 2 ಇಂಟು 20, ನಲವತ್ತು. ಅಗಲ ಬೆಳೆದ ಕಡೆ ಇನ್ನೊಂದು ಪಟ್ಟಿ: 1 ಇಂಟು 30, ಮೂವತ್ತು. ಇವೆರಡೂ ಸೇರುವ ಮೂಲೆಯಲ್ಲಿ ಪುಟ್ಟ ಚೂರು: 2 ಇಂಟು 1, ಎರಡು. ಆ ಹುಡುಗಿ ಲೆಕ್ಕ ಹಾಕಿದ್ದು ಈ ಮೂಲೆಯನ್ನು ಮಾತ್ರ! ಎರಡು ದೊಡ್ಡ ಪಟ್ಟಿಗಳೇ ಬಿಟ್ಟುಹೋಗಿದ್ದವು.

ಈಗ ಹೆಚ್ಚಳವನ್ನು ಸಣ್ಣದು ಮಾಡೋಣ. ಉದ್ದ 20 ಸೆಂಟಿಮೀಟರ್, ಅಗಲ 10 ಸೆಂಟಿಮೀಟರ್ ಅಷ್ಟೇ ಬೆಳೆಯಲಿ. ಪಟ್ಟಿಗಳು 4 ಮತ್ತು 3. ಮೂಲೆ ಬರೀ 0.02. ಪಟ್ಟಿ ಹತ್ತನೇ ಒಂದಕ್ಕೆ ಇಳಿದರೆ ಮೂಲೆ ನೂರನೇ ಒಂದಕ್ಕೆ ಇಳಿಯಿತು, ಅಲ್ವಾ? ಹೆಚ್ಚಳ ಸೊನ್ನೆಯ ಹತ್ತಿರ ಹೋದಷ್ಟೂ ಮೂಲೆ ಲೆಕ್ಕಕ್ಕೇ ಸಿಗುವುದಿಲ್ಲ. ಉಳಿಯುವುದು ಎರಡು ಪಟ್ಟಿ. ಪ್ರಾಡಕ್ಟ್ ರೂಲ್ ಅಂದರೆ ಇದೇ: ಮೊದಲನೆಯದರ ಡೆರಿವೇಟಿವ್ ಇಂಟು ಎರಡನೆಯದು, ಪ್ಲಸ್, ಮೊದಲನೆಯದು ಇಂಟು ಎರಡನೆಯದರ ಡೆರಿವೇಟಿವ್.

ಒಂದರೊಳಗೆ ಇನ್ನೊಂದು ಕೂತಿದ್ದಾಗ ಬೇಕಾಗುವುದು ಚೈನ್ ರೂಲ್. ಅದಕ್ಕೆ ಚಿಕ್ಕಮಗಳೂರಿಗೆ ಹೋಗೋಣ. ಬೈಕಿನಲ್ಲಿ ಮುಳ್ಳಯ್ಯನಗಿರಿ ಹತ್ತುತ್ತಿದ್ದೀರಿ. ಎತ್ತರ ನೂರು ಮೀಟರ್ ಹೆಚ್ಚಿದರೆ ಗಾಳಿ ಸರಾಸರಿ 0.65 ಡಿಗ್ರಿ ತಣ್ಣಗಾಗುತ್ತದೆ. ನೀವು ನಿಮಿಷಕ್ಕೆ 20 ಮೀಟರ್ ಎತ್ತರ ಏರುತ್ತಿದ್ದರೆ ನೂರು ಮೀಟರಿಗೆ ಐದು ನಿಮಿಷ. ಹಾಗಾದರೆ ನಿಮಿಷಕ್ಕೆ 0.13 ಡಿಗ್ರಿ ಚಳಿ ಜಾಸ್ತಿಯಾಗುತ್ತದೆ. ಚಳಿ ಎತ್ತರವನ್ನು ನಂಬಿದೆ, ಎತ್ತರ ಸಮಯವನ್ನು ನಂಬಿದೆ. ಅದಕ್ಕೇ ಎರಡು ದರಗಳನ್ನು ಗುಣಿಸುತ್ತೇವೆ.

ಕಾಗದದ ಮೇಲೂ ಹಾಗೆಯೇ. ಕಂಸದಲ್ಲಿ 3ಎಕ್ಸ್ ಪ್ಲಸ್ 1, ಅದರ ಸ್ಕ್ವೇರ್. ಹೊರಗಿನದರ ಡೆರಿವೇಟಿವ್ 2 ಇಂಟು ಕಂಸ. ಒಳಗಿನದರದ್ದು 3. ಗುಣಿಸಿದರೆ 6 ಇಂಟು ಕಂಸ. ಆ ಒಳಗಿನ 3 ಬರೆಯದೆ ಅಂಕ ಕಳೆದುಕೊಂಡ ಎಷ್ಟು ಉತ್ತರಪತ್ರಿಕೆ ನೋಡಿದ್ದೇನೋ! ಬೇಜಾರಾಗುತ್ತದೆ, ಉಳಿದ ಲೆಕ್ಕವೆಲ್ಲ ಸರಿ ಇರುತ್ತದೆ.

ಎರಡೂ ರೂಲ್ ಬೇಕಾಗುವ ಒಂದು ಲೆಕ್ಕ ಬರೆದುಕೊಳ್ಳಿ. ಎಕ್ಸ್ ಸ್ಕ್ವೇರ್ ಇಂಟು, ಕಂಸದಲ್ಲಿ 3ಎಕ್ಸ್ ಪ್ಲಸ್ 1, ಅದರ ಸ್ಕ್ವೇರ್. ಡೆರಿವೇಟಿವ್ ಕಂಡುಹಿಡಿದು ಎಕ್ಸ್ ಇದ್ದ ಕಡೆ 1 ಹಾಕಿ. 56 ಬರಬೇಕು. ಕಂಸ ಬಿಡಿಸಿ ಮಾಡಿದರೂ 56ಕ್ಕೇ ಬಂದು ನಿಲ್ಲುತ್ತೀರಿ. 40 ಬಂದರೆ ಒಳಗಿನ 3 ಬಿಟ್ಟಿದ್ದೀರಿ. 48 ಬಂದರೆ ಎರಡು ಡೆರಿವೇಟಿವ್‌ಗಳನ್ನು ಸುಮ್ನೆ ಗುಣಿಸಿದ್ದೀರಿ. ಆಗ ಹೊಲದ ಚಿತ್ರ ಇನ್ನೊಮ್ಮೆ ಬರೆಯಿರಿ. ನಮಸ್ಕಾರ.