15 ಸಾವಿರದ ಒಳಗೆ ಬೆಂಗಳೂರಲ್ಲಿ ಮನೆ: ತಲಘಟ್ಟಪುರನಾ, ಕೆಂಗೇರಿನಾ?

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಹಿಂದೆ ಕಾಣುತ್ತಿರುವ ರಟ್ಟಿನ ಡಬ್ಬಗಳಲ್ಲಿ ಇರುವುದು ನಮ್ಮ ಇಡೀ ಅಡುಗೆಮನೆ. ಹೌದು, ಮನೆ ಬದಲಾಯಿಸುತ್ತಿದ್ದೇವೆ. ಬಸವೇಶ್ವರನಗರದ ಈ ಮನೆಯಲ್ಲಿ ಆರು ವರ್ಷ ಇದ್ದೆವು. ಈ ಸಲ ಅಗ್ರಿಮೆಂಟ್ ಮುಗಿದಾಗ ಓನರ್ 17 ಸಾವಿರದ ಬಾಡಿಗೆಯನ್ನು 22 ಸಾವಿರಕ್ಕೆ ಏರಿಸಿದರು. ಅವರ ಮನೆ, ಅವರಿಷ್ಟ. ನಮ್ಮ ಕೈಲಿ ಆಗಲ್ಲ, ಅಷ್ಟೇ.

ನಮ್ಮ ಲೆಕ್ಕ ಇಷ್ಟು. ಬಾಡಿಗೆ 15 ಸಾವಿರ ದಾಟಬಾರದು. ಅಡ್ವಾನ್ಸ್ ಒಂದು ಲಕ್ಷ. ಅತ್ತೆಗೆ ಮಂಡಿ ನೋವು, ಹಾಗಾಗಿ ಗ್ರೌಂಡ್ ಫ್ಲೋರೇ ಬೇಕು. ನನ್ನ ಕೆಲಸ ಜಯನಗರದಲ್ಲಿ, ನಮ್ಮ ಯಜಮಾನರದ್ದು ಚಿಕ್ಕಪೇಟೆಯಲ್ಲಿ. ನಾಗರಭಾವಿ ಕಡೆ ಮೊದಲು ನೋಡಿದೆವು. ಬೀದಿ ತುಂಬ ಮರ, ಚೆನ್ನಾಗಿತ್ತು. ಬಾಡಿಗೆ ಕೇಳಿ ವಾಪಸ್ ಬಂದೆವು. ಅದರ ವಿಡಿಯೋ ಕೂಡ ಮಾಡಲಿಲ್ಲ.

ಇದು ತಲಘಟ್ಟಪುರ. ಮೆಟ್ರೋ ಇಳಿದು ನಡೆದು ಹೋಗುತ್ತಿರುವುದು. ಜಯನಗರ, ಚಿಕ್ಕಪೇಟೆ ಎರಡೂ ಹಸಿರು ಮಾರ್ಗದಲ್ಲೇ ಇವೆ. ಆ ಮಾರ್ಗ 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಬಂತು. ಅಂದರೆ ಇಲ್ಲಿ ಹತ್ತಿದರೆ ಇಬ್ಬರಿಗೂ ಒಂದೇ ರೈಲು, ಎಲ್ಲೂ ಬದಲಾಯಿಸಬೇಕಾಗಿಲ್ಲ. ಗಾಳಿ ನೋಡಿ, ನನ್ನ ದುಪಟ್ಟಾ ಹೇಗೆ ಹಾರುತ್ತಿದೆ. ತುರಹಳ್ಳಿ ಕಾಡು ಹತ್ತಿರದಲ್ಲೇ ಇದೆ. ಆ ಹೊತ್ತಿಗೆ ನಾನು ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ, ಇದೇ ನಮ್ಮ ಏರಿಯಾ ಅಂತ.

ಈ ಸೊಪ್ಪಿನ ಅಜ್ಜಿಯನ್ನು ತೋರಿಸಲೇಬೇಕು. ಮುಖ ಬೇಡ ಅಂದರು, ಅದಕ್ಕೆ ಬರೀ ಬುಟ್ಟಿ. ದಂಟಿನ ಸೊಪ್ಪು ನೋಡಿ, ಬೇರಲ್ಲಿ ಇನ್ನೂ ಹಸಿ ಮಣ್ಣಿದೆ. ನಮ್ಮ ಕಡೆ ಸೊಪ್ಪು ಮಧ್ಯಾಹ್ನದ ಹೊತ್ತಿಗೆ ಜೋತು ಬಿದ್ದಿರುತ್ತದೆ. ನಾನು ಮೂರು ಕಟ್ಟು ತಗೊಂಡೆ. ಅವತ್ತು ರಾತ್ರಿ ಮಸ್ಸೊಪ್ಪು ಮಾಡಿದ್ದೆ, ಅತ್ತೆ ಎರಡು ಮುದ್ದೆ... ಸರಿ ಸರಿ, ಮನೆ ಬಂತು.

ಎರಡು ಬೆಡ್‌ರೂಮ್, ಗ್ರೌಂಡ್ ಫ್ಲೋರ್, ಬಾಡಿಗೆ 14 ಸಾವಿರ. ನಲ್ಲಿ ಬಿಟ್ಟು ನೋಡಿದೆ, ನೀರು ಧೋ ಅಂತ ಬಂತು. ಬ್ರೋಕರ್ ಪಕ್ಕದಲ್ಲೇ ನಿಂತು, ಇನ್ನೂ ಮೂರು ಪಾರ್ಟಿ ನೋಡಿಕೊಂಡು ಹೋಗಿದ್ದಾರೆ ಮೇಡಂ, ಟೋಕನ್ ಹಾಕಿಬಿಡಿ ಅಂದರು. ಭಾನುವಾರ ಸಂಜೆ. ಕತ್ತಲಾಗುತ್ತಿತ್ತು. ಮನೆ ನಮಗೇ ಹಿಡಿದಿಡಲಿ ಅಂತ ಫೋನಿಂದ ಬ್ರೋಕರ್‌ಗೆ 5,000 ರೂಪಾಯಿ ಕಳಿಸಿದೆ. ರಸೀದಿ ಇಲ್ಲ, ಒಂದು ಮೆಸೇಜೂ ಇಲ್ಲ.

ಈ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ ಫ್ರಿಜ್ ಇಡುವ ಜಾಗ ಅಳೆಯಲು ಒಬ್ಬಳೇ ಹೋದೆ. ಬೀದಿಯಲ್ಲಿ ಟ್ಯಾಂಕರ್ ನಿಂತಿದೆ. ಅದರ ಪೈಪು ನಾವು ಬರಬೇಕಾದ ಮನೆಯ ಸಂಪಿಗೇ, ಅಂದರೆ ನೆಲದಡಿಯ ನೀರಿನ ತೊಟ್ಟಿಗೇ ಇಳಿದಿದೆ. ಪಕ್ಕದ ಮನೆಯ ಆಂಟಿ ಬಾಗಿಲು ತೊಳೆಯುತ್ತಿದ್ದರು. ಕೇಳಿದೆ. "ನಮ್ಮ ಕಡೆ ಎಲ್ಲ ಬೋರು, ಟ್ಯಾಂಕರೇ ಕಣಮ್ಮ. ಕಾವೇರಿ ಕನೆಕ್ಷನ್ ಅವರು ತಗೊಂಡಿಲ್ಲ" ಅಂದರು. ಒಳಗೆ ಹೋಗಿ ಬಚ್ಚಲಿನ ನಲ್ಲಿ ನೋಡಿದೆ. ಈ ಕ್ಲಿಪ್ ಝೂಮ್ ಮಾಡಿದ್ದೇನೆ, ನೋಡಿ. ನಲ್ಲಿ ಮೂತಿಗೆ ಸುತ್ತ ಬಿಳಿ ಪೊರೆ, ಸುಣ್ಣ ಮೆತ್ತಿದ ಹಾಗೆ. ಉಗುರಲ್ಲಿ ಕೆರೆದೆ, ಚೂರು ಚೂರಾಗಿ ಎದ್ದು ಬಂತು. ಷವರ್‌ನಲ್ಲಿ ಅರ್ಧ ತೂತು ಮುಚ್ಚಿಹೋಗಿವೆ. ಆಂಟಿ ಹತ್ತಿರ ಸೋಪು ಇಸಿದುಕೊಂಡು ಕೈ ಉಜ್ಜಿದೆ. ಉಜ್ಜಿದಷ್ಟೂ ಜಿಡ್ಡು ಜಿಡ್ಡು, ನೊರೆ ಬರುವುದೇ ಇಲ್ಲ. ಅಷ್ಟು ಗಡಸು ನೀರು. ಭಾನುವಾರ ನಾನು ನೋಡಿದ್ದು ನೀರು ಬರುತ್ತದಾ ಅಂತ ಮಾತ್ರ. ಎಲ್ಲಿಂದ ಬರುತ್ತದೆ ಅಂತ ಕೇಳಿರಲಿಲ್ಲ.

ಟ್ಯಾಂಕರ್ ಖರ್ಚನ್ನು ಮೂರು ಮನೆಗೆ ಹಂಚುತ್ತಾರಂತೆ. ತಿಂಗಳಿಗೆ ಒಂದೂವರೆ ಸಾವಿರ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಅಲ್ಲಿಗೆ 14 ಸಾವಿರದ ಮನೆ ಹದಿನೈದೂವರೆ ಆಯಿತು. 2024ರ ಬೇಸಿಗೆ ನೆನಪಿದೆ ಅಲ್ವಾ? ಆ ಮಾರ್ಚ್‌ನಲ್ಲಿ ಟ್ಯಾಂಕರ್‌ನವರು ಕೇಳಿದ್ದೇ ರೇಟು ಅನ್ನುವ ಹಾಗಾಗಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. 5 ಕಿಲೋಮೀಟರ್ ಒಳಗೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಅಂತ. ಹಣ ಕೊಡುತ್ತೇನೆ ಅಂದರೂ ಟ್ಯಾಂಕರ್ ಸಿಗದ ದಿನಗಳು ಅವು. ಮಂಡಿ ನೋವಿನ ಅತ್ತೆಯನ್ನು ಇಟ್ಟುಕೊಂಡು ಬಿಂದಿಗೆ ಹಿಡಿದು ಕಾಯುವುದು ನನಗೆ ಬೇಡ.

ನನಗೆ ಇನ್ನೂ ಸಂಕಟವಾಗಿದ್ದು ಏನು ಗೊತ್ತಾ? ಬೆಂಗಳೂರಿಗೆ ಕಾವೇರಿ ಬರುವುದೇ ತಲಘಟ್ಟಪುರ ಇರುವ ಈ ಕನಕಪುರ ರಸ್ತೆ ಕಡೆಯಿಂದ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿ ಅಂತ ಹಂತ ಹಂತವಾಗಿ ಮೇಲಕ್ಕೆ ಪಂಪ್ ಮಾಡುತ್ತಾರೆ. ಸುಮಾರು ನೂರು ಕಿಲೋಮೀಟರ್. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತ ಶುರುವಾಯಿತು, ನಗರದ ಸುತ್ತಲಿನ 110 ಹಳ್ಳಿಗಳಿಗೆ ಅಂತಲೇ ದಿನಕ್ಕೆ 77.5 ಕೋಟಿ ಲೀಟರ್. ಆದರೆ ಬೀದಿಗೆ ಪೈಪು ಬಂದರೆ ಮನೆಗೆ ನೀರು ಬಂದ ಹಾಗಲ್ಲ. ಓನರ್ ದುಡ್ಡು ಕಟ್ಟಿ ಕನೆಕ್ಷನ್ ತಗೊಳ್ಳಬೇಕು. ಬಾಡಿಗೆಗೆ ಇರುವವರ ಕೈಲಿ ಅದು ಇಲ್ಲ.

ಟೋಕನ್ ಕಥೆ ಮುಗಿಸುತ್ತೇನೆ. ಬೇಡ ಅಂತ ಫೋನ್ ಮಾಡಿದರೆ ಬ್ರೋಕರ್, ದುಡ್ಡು ಓನರ್‌ಗೆ ಕೊಟ್ಟಾಯಿತು ಅಂದರು. ಓನರ್, ನನಗೆ ಬಂದಿದ್ದು ಎರಡೇ ಸಾವಿರ ಅಂದರು. ಒಂಬತ್ತು ದಿನ ಫೋನ್ ಮಾಡಿದೆ. ಕೊನೆಗೆ ಓನರ್ 2,000 ವಾಪಸ್ ಹಾಕಿದರು. ಉಳಿದ ಮೂರು ಸಾವಿರ ಹೋಯಿತು. ಮೂರು ಸಾವಿರ ಅಂದರೆ ನಮ್ಮ ಮನೆಯ ಒಂದು ತಿಂಗಳ ಹಾಲು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಟೋಕನ್ ಕೊಡುವುದಿದ್ದರೆ ಓನರ್ ಕೈಗೇ ಕೊಡಿ. ಎಷ್ಟು ದಿನದೊಳಗೆ ಬೇಡ ಅಂದರೆ ವಾಪಸ್ ಕೊಡುತ್ತಾರೆ ಅಂತ ಅವರಿಂದ ವಾಟ್ಸಾಪಲ್ಲಿ ಬರೆಸಿಕೊಳ್ಳಿ.

ಇದು ಕೆಂಗೇರಿ ಉಪನಗರ. ಹಿಂದಿನ ವಿಡಿಯೋದಲ್ಲಿ ನಾನು ಕೆಂಗೇರಿ ಬೇಡವೇ ಬೇಡ ಅಂದಿದ್ದೆ, ವೃಷಭಾವತಿ ನದಿಯ ಕೊಳಚೆ ವಾಸನೆಗೆ. ಆ ಮಾತು ಪೂರ್ತಿ ಸುಳ್ಳಲ್ಲ. ಮೈಸೂರು ರಸ್ತೆ ಪಕ್ಕದಲ್ಲಿ ಕೆಲವು ಕಡೆ ಸಂಜೆ ಹೊತ್ತು ಕಿಟಕಿ ತೆಗೆಯಲು ಆಗಲ್ಲ. ಆದರೆ ಉಪನಗರದ ಒಳಗೆ ಬಂದರೆ ನೋಡಿ, ಅಗಲ ರಸ್ತೆ, ಹಳೇ ಮನೆಗಳು, ಕಾಂಪೌಂಡಿಗೊಂದು ತೆಂಗಿನ ಮರ. ಇಲ್ಲಿ ನಿಂತು ಮೂರು ಸಲ ಮೂಗೆಳೆದು ನೋಡಿದೆ. ವಾಸನೆ ಇಲ್ಲ. ನನ್ನ ಮಾತು ವಾಪಸ್ ತಗೊಂಡೆ.

ಈ ಸಲ ಮನೆ ಒಳಗೆ ಕಾಲಿಡುವ ಮೊದಲು ನೀರು ಕೇಳಿದೆ. ಕಾವೇರಿ, ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ ಅಂದರು ಓನರ್ ಅಂಕಲ್. ಸರಿ ಅಂಕಲ್, ನಾಳೆ ಆರಕ್ಕೇ ಬರುತ್ತೇನೆ ಅಂದೆ. ಬಂದೆ ಕೂಡ. ಗೇಟಿನ ಪಕ್ಕದ ಈ ಚಿಕ್ಕ ಗುಂಡಿಯಲ್ಲಿ ನೀರಿನ ಮೀಟರ್ ಇದೆ. ಗಾಜಿನ ಮೇಲೆ ಧೂಳಿತ್ತು, ಒರೆಸಿದೆ. ಒಳಗಿನ ಪುಟ್ಟ ಮುಳ್ಳು ಮೊದಲು ಸುಮ್ನೆ ನಿಂತಿದೆ. ಆರೂ ಹತ್ತು. ಆಗ ಪೈಪಲ್ಲಿ ಗಾಳಿ ಬುಸ್ ಅಂದಿತು, ಕೇಳಿಸಿತಾ? ಮುಳ್ಳು ಗಿರಗಿರ ತಿರುಗಲು ಶುರು. ಸಂಪಿನೊಳಗೆ ನೀರು ಬೀಳುವ ಸದ್ದು. ನನಗೆ ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಬಾಡಿಗೆ 15 ಸಾವಿರ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದರು, ಒಂದೂವರೆ ಲಕ್ಷ. ಕೂತು ಮಾತಾಡಿ, ಅತ್ತೆಯವರೂ ಮಾತಾಡಿ, ಒಂದು ಲಕ್ಷಕ್ಕೆ ಬಂದರು. ಎಲ್ಲರ ಹಾಗೆ ಹನ್ನೊಂದು ತಿಂಗಳ ಅಗ್ರಿಮೆಂಟೇ. ಒಂದು ವರ್ಷಕ್ಕಿಂತ ಜಾಸ್ತಿ ಅಂತ ಬರೆದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಈಗಲೇ ಬರೆಸಿದೆ. ಕರೆಂಟ್ ಮೀಟರ್ ನಮಗೇ ಬೇರೆ ಇದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಕಷ್ಟ. ಕೇಳಿಯೇ ಒಪ್ಪಿಕೊಳ್ಳಿ.

ಓಡಾಟ ಮಾತ್ರ ತಲಘಟ್ಟಪುರದಷ್ಟು ಸುಲಭ ಅಲ್ಲ. ಯಜಮಾನರು ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಮೆಟ್ರೋ ದರವೂ ಸುಮ್ನೆ ಅಲ್ಲ, 2025ರ ಫೆಬ್ರವರಿಯಲ್ಲಿ 60 ರೂಪಾಯಿ ಇದ್ದ ಗರಿಷ್ಠ ದರ 90 ಆಯಿತು. ಬಾಡಿಗೆ ನೋಡುವಾಗ ಇದನ್ನೂ ಕೂಡಿಸಿ. ನನ್ನದು ಉಳಿಯುತ್ತದೆ. ಇಲ್ಲಿಂದ ಬನಶಂಕರಿಗೆ ಬಸ್ ಇದೆ, ಅಲ್ಲಿಂದ ಜಯನಗರ ಹತ್ತಿರ. 2023ರ ಜೂನ್‌ನಿಂದ ಹೆಂಗಸರಾದ ನಮಗೆ ಸಾಮಾನ್ಯ ಬಸ್ ಉಚಿತ ಅಲ್ವಾ, ಟಿಕೆಟ್ ಖರ್ಚಿಲ್ಲ. ಸಮಯ ಜಾಸ್ತಿ ಹಿಡಿಯುತ್ತದೆ, ಹೌದು. ಆ ಹೊತ್ತನ್ನು ನಾನು ಕೊಡುತ್ತೇನೆ.

ಹೊಸ ಮನೆಯ ನೆಲ ರೆಡ್ ಆಕ್ಸೈಡ್. ಬರಿಗಾಲಲ್ಲಿ ನಡೆದರೆ ತಂಪು. ಅತ್ತೆ ಬಂದು ನೋಡಿ ಏನೂ ಹೇಳಲಿಲ್ಲ, ಹಿತ್ತಲಿಗೆ ಹೋಗಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ನೋಡಿ, ತುಳಸಿಗೆ ಜಾಗ ತೋರಿಸಿದರು. ಅಲ್ಲೇ, ಆ ಮೂಲೆ, ಬಟ್ಟೆ ಒಗೆಯುವ ಕಲ್ಲಿನ...

ಹಾರ್ನ್ ಕೇಳಿಸಿತಾ? ಟಾಟಾ ಏಸ್ ಬಂತು. ಗಾಡಿಯವರಿಗೆ ಎಂಟು ಗಂಟೆ ಅಂತ ಹೇಳಿದ್ದೆ, ಏಳೂಕಾಲಿಗೇ ಬಂದಿದ್ದಾರೆ. ಕ್ಯಾಮೆರಾ ಆಫ್ ಮಾಡುತ್ತೇನೆ. ತುಳಸಿ ಕುಂಡವನ್ನು ಅವರು ಮುಟ್ಟುವ ಮೊದಲು ನಾನೇ ಎತ್ತಿಕೊಂಡು ಮುಂದಿನ ಸೀಟಲ್ಲಿ ಇಡಬೇಕು.